ವೇಗದ ದೋಣಿ: ಎಂಜಿನ್, ಗೇರ್ ಮತ್ತು ಪ್ರೊಪೆಲರ್‌ಗಳ ಹೊಂದಾಣಿಕೆ

ಒಂದೇ ಬಗೆಯ ಎರಡು ವೇಗದ ದೋಣಿಗಳಿವೆ. ಎರಡರಲ್ಲೂ 150 ಕಿಲೋವ್ಯಾಟ್‌ನ ಒಂದೇ ಎಂಜಿನ್. ಆದರೂ ಒಂದು ನೀರಿನ ಮೇಲೆ ಚಿಮ್ಮಿಕೊಂಡು ಹೋಗುತ್ತದೆ, ಇನ್ನೊಂದು ತಿಣುಕುತ್ತದೆ. ಕೆಲವು ತಿಂಗಳಲ್ಲಿ ಎರಡನೆಯದರ ಪಿಸ್ಟನ್‌ಗಳೇ ಹಾಳಾಗಬಹುದು. ದೋಷ ಎಂಜಿನ್ನಿನದೇ ಆಗಿರಬೇಕೆಂದೇನೂ ಇಲ್ಲ. ಅನೇಕ ವೇಳೆ ಅದು ಪ್ರೊಪೆಲರ್ ಮತ್ತು ಗೇರ್ ಅನುಪಾತದ ಹೊಂದಾಣಿಕೆಯಲ್ಲಿರುತ್ತದೆ. ಇದನ್ನು ಅರಿಯಲು ಪದವಿಪೂರ್ವ ತರಗತಿಯ ಭೌತವಿಜ್ಞಾನವೇ ಸಾಕು.

ಮೊದಲು ಪಿಚ್ ಎಂದರೇನು ನೋಡೋಣ. ಮರಕ್ಕೆ ತಿರುಪುಮೊಳೆ ಹಾಕುವಾಗ ಒಂದು ಸುತ್ತಿಗೆ ಅದು ಇಂತಿಷ್ಟು ಒಳಗೆ ಇಳಿಯುತ್ತದೆ. ಪ್ರೊಪೆಲರ್ ಕೂಡ ನೀರಿನಲ್ಲಿ ತಿರುಗುವ ತಿರುಪೇ. ಜಾರದೆ ತಿರುಗಿದರೆ ಒಂದು ಸುತ್ತಿಗೆ ಅದು ಮುಂದುವರಿಯುವ ದೂರವೇ ಪಿಚ್. ಆದರೆ ನೀರು ಮರದಂತೆ ಗಟ್ಟಿಯಲ್ಲವಾದ್ದರಿಂದ ಪ್ರೊಪೆಲರ್ ಸ್ವಲ್ಪ ಜಾರುತ್ತದೆ. ವೇಗದ ದೋಣಿಗಳಲ್ಲಿ ಈ ಜಾರಿಕೆ ಸಾಮಾನ್ಯವಾಗಿ ಶೇಕಡ 10ರ ಆಸುಪಾಸಿನಲ್ಲಿರುತ್ತದೆ. ಜಾರಿಕೆ ಪೂರ್ಣ ಸೊನ್ನೆಯಾಗಲು ಸಾಧ್ಯವಿಲ್ಲ. ನೀರನ್ನು ಹಿಂದಕ್ಕೆ ತಳ್ಳದೆ ದೋಣಿ ಮುಂದೆ ಹೋಗದು. ನ್ಯೂಟನ್ನನ ಮೂರನೆಯ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ.

ಒಂದು ಲೆಕ್ಕ ಮಾಡೋಣ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತದೆ, ಗೇರ್ ಅನುಪಾತ 2:1 ಎಂದಿಟ್ಟುಕೊಳ್ಳಿ. ಆಗ ಪ್ರೊಪೆಲರ್ ನಿಮಿಷಕ್ಕೆ 3000, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಪಿಚ್ 21 ಇಂಚು, ಎಂದರೆ 0.533 ಮೀಟರ್. ಜಾರಿಕೆ ಇಲ್ಲದಿದ್ದರೆ ವೇಗ ಸೆಕೆಂಡಿಗೆ 26.7 ಮೀಟರ್. ಶೇಕಡ 10 ಜಾರಿಕೆ ಕಳೆದರೆ 24 ಮೀಟರ್, ಅಂದರೆ ಗಂಟೆಗೆ ಸುಮಾರು 86 ಕಿಲೋಮೀಟರ್.

ಇಲ್ಲಿ ಗೇರ್ ಮಾಡಿದ್ದೇನು? ಅದು ಸಾಮರ್ಥ್ಯವನ್ನು ಹೆಚ್ಚಿಸಲಿಲ್ಲ. ಸಾಮರ್ಥ್ಯವೆಂದರೆ ಟಾರ್ಕ್ ಮತ್ತು ಕೋನೀಯ ವೇಗಗಳ ಗುಣಲಬ್ಧ. ವೇಗ ಅರ್ಧವಾದಾಗ ಟಾರ್ಕ್ ಇಮ್ಮಡಿಯಾಯಿತು: ಎಂಜಿನ್ನಿನ 239 ನ್ಯೂಟನ್-ಮೀಟರ್, ಘರ್ಷಣೆಯನ್ನು ಗಣಿಸದಿದ್ದರೆ, ಪ್ರೊಪೆಲರ್ ದಂಡದಲ್ಲಿ 478 ಆಯಿತು. ಏರುದಾರಿಯಲ್ಲಿ ಸೈಕಲ್ಲಿನ ಗೇರ್ ಬದಲಿಸಿದಂತೆಯೇ ಇದು.

ಈಗ ಒಂದು ಪ್ರಶ್ನೆ. ಅನುಪಾತವನ್ನು 1.5:1 ಮಾಡಿ ಪಿಚ್ಚನ್ನು 15.75 ಇಂಚಿಗೆ ಇಳಿಸಿದರೂ ಎಂಜಿನ್ನಿನ ಒಂದು ಸುತ್ತಿಗೆ ದೋಣಿ ಸಾಗುವ ದೂರ ಅಷ್ಟೇ ಅಲ್ಲವೇ? ಹೌದು. ಹಾಗಾದರೆ ಎರಡೂ ಒಂದೇ ಎನ್ನಬಹುದೇ? ಅಲ್ಲ. ಒಂದೇ ಆಕಾರದ ಪ್ರೊಪೆಲರ್‌ಗಳು ಹೀರಿಕೊಳ್ಳುವ ಸಾಮರ್ಥ್ಯವು ಸುತ್ತುವೇಗದ ಮೂರನೆಯ ಘಾತಕ್ಕೂ ವ್ಯಾಸದ ಐದನೆಯ ಘಾತಕ್ಕೂ ಅನುಪಾತದಲ್ಲಿರುತ್ತದೆ. ವ್ಯಾಸವನ್ನು ಶೇಕಡ 10 ಹೆಚ್ಚಿಸಿದರೆ ಬೇಕಾಗುವ ಸಾಮರ್ಥ್ಯ ಶೇಕಡ 61 ಏರುತ್ತದೆ! ಹಾಗಾಗಿ ಹೆಚ್ಚು ವೇಗವಾಗಿ ತಿರುಗುವ ಪ್ರೊಪೆಲರ್ ಚಿಕ್ಕದಾಗಲೇಬೇಕು. ನಮ್ಮ ಉದಾಹರಣೆಯಲ್ಲಿ ವ್ಯಾಸ 15 ಇಂಚಿನಿಂದ ಸುಮಾರು 12.6 ಇಂಚಿಗೆ ಇಳಿಯುತ್ತದೆ. ಅದು ಹಿಡಿಯುವ ನೀರಿನ ಅಡ್ಡಕೊಯ್ತ ಸುಮಾರು ಶೇಕಡ 30 ಕಡಿಮೆಯಾಗುತ್ತದೆ.

ಇದರಿಂದ ನಷ್ಟವೇನು? ತಳ್ಳುಬಲವೆಂದರೆ ಸೆಕೆಂಡಿಗೆ ಹಿಂದೆ ಹೋಗುವ ನೀರಿನ ರಾಶಿ ಮತ್ತು ಆ ನೀರಿಗೆ ಕೊಟ್ಟ ವೇಗದ ಗುಣಲಬ್ಧ. ಆದರೆ ನೀರಿನಲ್ಲಿ ಕಳೆದುಹೋಗುವ ಚಲನಶಕ್ತಿ ಆ ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ಎರಡರಷ್ಟು ನೀರನ್ನು ಅರ್ಧ ವೇಗದಲ್ಲಿ ತಳ್ಳಿದರೆ ತಳ್ಳುಬಲ ಅಷ್ಟೇ, ವ್ಯರ್ಥವಾಗುವ ಶಕ್ತಿ ಮಾತ್ರ ಅರ್ಧ. ದೊಡ್ಡದಾಗಿ ನಿಧಾನವಾಗಿ ತಿರುಗುವ ಪ್ರೊಪೆಲರ್ ಲಾಭದಾಯಕವೆನ್ನುವುದು ಇದಕ್ಕೇ.

ಹಾಗೆಂದು ವ್ಯಾಸವನ್ನು ಮನಸ್ಸು ಬಂದಷ್ಟು ಹಿಗ್ಗಿಸುವಂತಿಲ್ಲ. ದೊಡ್ಡ ಅಲಗು, ದೊಡ್ಡ ಗೇರ್‌ಪೆಟ್ಟಿಗೆಗಳಿಗೆ ನೀರಿನ ಎಳೆತ ಹೆಚ್ಚು. ಜೊತೆಗೆ ಗುಳ್ಳೆಗಳ ಕಾಟ. 15 ಇಂಚಿನ ಪ್ರೊಪೆಲರ್ ಸೆಕೆಂಡಿಗೆ 50 ಸುತ್ತು ತಿರುಗಿದಾಗ ಅಲಗಿನ ತುದಿಯ ವೇಗ ಸೆಕೆಂಡಿಗೆ 60 ಮೀಟರ್. ಈ ವೇಗಕ್ಕೆ ಬರ್ನೌಲಿ ಸಮೀಕರಣದಲ್ಲಿ ಬರುವ ಚಲನಾತ್ಮಕ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 18 ಪಟ್ಟು! ಅಲಗಿನ ಒಂದು ಮಗ್ಗುಲಲ್ಲಿ ಒತ್ತಡ ಕುಸಿದು 3 ಕಿಲೋಪಾಸ್ಕಲ್ ಹತ್ತಿರ ಬಂದರೆ 25 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರೇ ಕುದಿಯುತ್ತದೆ. ಇದೇ ಕ್ಯಾವಿಟೇಶನ್. ಗುಳ್ಳೆಗಳು ಒಡೆಯುವಾಗ ಲೋಹವನ್ನೇ ಕೆತ್ತಿಹಾಕುತ್ತವೆ. ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನೀರಿಗಿಳಿಸಿದ ಟರ್ಬಿನಿಯಾ ಹಡಗು ಇದಕ್ಕೆ ಸಿಕ್ಕಿಕೊಂಡಿತು. ಟರ್ಬೈನ್‌ಗೆ ಗೇರ್ ಇಲ್ಲದೆ ನೇರ ಜೋಡಿಸಿದ್ದ ಪ್ರೊಪೆಲರ್ ಅತಿವೇಗವಾಗಿ ತಿರುಗಿ ನೀರಿನಲ್ಲಿ ಗುಳ್ಳೆ ಎಬ್ಬಿಸುತ್ತಿತ್ತು. ಮೂರು ದಂಡಗಳಿಗೆ ಮೂರು ಮೂರರಂತೆ ಒಂಬತ್ತು ಪ್ರೊಪೆಲರ್‌ಗಳನ್ನು ಹಾಕಿದ ಮೇಲೆ ಅದು 34 ನಾಟ್ ವೇಗ ಮುಟ್ಟಿತು.

ಅತಿವೇಗದ ಸ್ಪರ್ಧಾದೋಣಿಗಳಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅಮೆರಿಕದ ಸಿಯಾಟಲ್‌ನ ಸ್ಲೋ-ಮೋ-ಶನ್ 4 ಎಂಬ ದೋಣಿ 1950ರ ಜೂನ್ 26ರಂದು ಗಂಟೆಗೆ 258 ಕಿಲೋಮೀಟರ್ ಸಾಗಿ, ಮಾಲ್ಕಂ ಕ್ಯಾಂಪ್‌ಬೆಲ್ 1939ರಲ್ಲಿ ಸ್ಥಾಪಿಸಿದ್ದ 228 ಕಿಲೋಮೀಟರ್ ದಾಖಲೆಯನ್ನು ಮುರಿಯಿತು. ಅದರಲ್ಲಿದ್ದುದು ಆಲಿಸನ್ ವಿಮಾನ ಎಂಜಿನ್. ಗೇರ್ ವೇಗವನ್ನು ತಗ್ಗಿಸುತ್ತಿರಲಿಲ್ಲ, ಸುಮಾರು ಮೂರು ಪಟ್ಟು ಏರಿಸುತ್ತಿತ್ತು! ಕಾರಣ ಲೆಕ್ಕದಲ್ಲೇ ಇದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ಎನ್ನಿ. 2:1 ತಗ್ಗಿಸಿದರೆ ಪ್ರೊಪೆಲರ್ ಒಂದು ಸುತ್ತಿಗೆ 2.87 ಮೀಟರ್ ಮುನ್ನಡೆಯಬೇಕು. ಅಷ್ಟು ಪಿಚ್‌ಗೆ ಸುಮಾರು ಎರಡು ಮೀಟರ್ ವ್ಯಾಸ ಬೇಕು. ಮೂರು ಪಟ್ಟು ಏರಿಸಿದರೆ 48 ಸೆಂಟಿಮೀಟರ್ ಮುನ್ನಡೆ ಸಾಕು. ಪೂರ್ಣ ವೇಗದಲ್ಲಿ ಆ ಪ್ರೊಪೆಲರ್‌ನ ಕೆಳಭಾಗ ಮಾತ್ರ ನೀರಿನಲ್ಲಿರುತ್ತಿತ್ತು. ಹೀಗಾಗಿ ದಂಡದ ಎಳೆತ ತಪ್ಪಿತು; ಅಲಗಿನ ಹಿಂದೆ ಆವಿಯ ಗುಳ್ಳೆಯ ಬದಲು ಗಾಳಿ ತುಂಬಿತು.

ಹೊಂದಾಣಿಕೆ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? ಎಂದಿನ ಭಾರ ಹೊತ್ತ ದೋಣಿಯನ್ನು ಪೂರ್ಣ ಥ್ರಾಟಲ್‌ನಲ್ಲಿ ಓಡಿಸಿ ಸುತ್ತುಮಾಪಕ ನೋಡಬೇಕು. ತಯಾರಕರು ಸೂಚಿಸಿದ ಮಿತಿ 5500ರಿಂದ 6000 ಎಂದುಕೊಳ್ಳಿ. ಮಾಪಕ 5000ಕ್ಕೇ ನಿಂತರೆ ಪಿಚ್ ಅತಿಯಾಗಿದೆ. ಎಂಜಿನ್ ನಿಧಾನಗತಿಯಲ್ಲಿ ಪೂರ್ಣ ಹೊರೆ ಹೊತ್ತು ಒಳಗೇ ಬಿಸಿಯಾಗಿ ಕುಟ್ಟತೊಡಗುತ್ತದೆ. ಪಿಸ್ಟನ್ ಹಾಳಾಗುವುದು ಹೀಗೆ. 6400 ದಾಟಿದರೆ ಪಿಚ್ ಸಾಲದು. ಪಿಚ್ ಒಂದು ಇಂಚು ಬದಲಾದರೆ 150ರಿಂದ 200 ಸುತ್ತಿನ ವ್ಯತ್ಯಾಸ ಎಂಬುದು ರೂಢಿಯ ಅಂದಾಜು. 5000ವನ್ನು 5700ಕ್ಕೆ ಏರಿಸಲು ಸುಮಾರು ನಾಲ್ಕು ಇಂಚು ಇಳಿಸಬೇಕು.

ಕರಾವಳಿಯ ಅಧ್ಯಾಪಕರು ಇದನ್ನು ಪಾಠವಾಗಿಸಬಹುದು. ಮಳೆಗಾಲದ ಮೀನುಗಾರಿಕೆ ನಿಷೇಧದ ವೇಳೆ ಮಲ್ಪೆಯಲ್ಲೋ ಮಂಗಳೂರಿನಲ್ಲೋ ದಡಕ್ಕೆ ಎಳೆದ ದೋಣಿಯ ಪ್ರೊಪೆಲರ್ ಅಳೆಯಿರಿ. ತ್ರಿಜ್ಯದ ಶೇಕಡ 70ರಷ್ಟು ದೂರದಲ್ಲಿ, ಪ್ರೊಪೆಲರ್ ತಿರುಗುವ ಸಮತಲಕ್ಕೆ ಅಲಗಿನ ಓರೆಕೋನ ಎಷ್ಟೆಂದು ನೋಡಿ. ಆ ದೂರದ 2π ಪಟ್ಟನ್ನು ಕೋನದ ಟ್ಯಾನ್‌ಜೆಂಟ್‌ನಿಂದ ಗುಣಿಸಿದರೆ ಪಿಚ್ ಸಿಗುತ್ತದೆ. ಬಲೆ ಎಳೆಯುವ ದೋಣಿಗೆ ಬೇಕಾದುದು ವೇಗವಲ್ಲ, ತಳ್ಳುಬಲ. ಆದ್ದರಿಂದ ಅದರ ಪಿಚ್-ವ್ಯಾಸಗಳ ಅನುಪಾತ ವೇಗದ ದೋಣಿಯದಕ್ಕಿಂತ ಕಡಿಮೆ ಇರಬೇಕು. ನಿಮ್ಮ ಅಳತೆ ಹಾಗೆಯೇ ಹೇಳುತ್ತದೆಯೇ, ವಿದ್ಯಾರ್ಥಿಗಳೇ ಪರೀಕ್ಷಿಸಲಿ.