ತೂಗುಹಾಸಿಗೆಯಲ್ಲಿ ಸುಖನಿದ್ರೆ: ಹಗ್ಗ ಬಿಗಿಯಬೇಕೆ, ಸಡಿಲಿಸಬೇಕೆ?

ಚಾರಣಕ್ಕೋ ಶಿಬಿರಕ್ಕೋ ಹೋದಾಗ ಎರಡು ಮರಗಳ ನಡುವೆ ತೂಗುಹಾಸಿಗೆ ಕಟ್ಟುವವರನ್ನು ನೀವು ನೋಡಿರಬಹುದು. ಹ್ಯಾಮಕ್ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ದೊರೆಯುವ, ಮಡಿಸಿದರೆ ಚೀಲದ ಮೂಲೆಯಲ್ಲಿ ಅಡಗುವ ನೈಲಾನ್ ಬಟ್ಟೆ ಅದು. ಮೊದಲ ಸಲ ಕಟ್ಟುವವರು ಸಾಮಾನ್ಯವಾಗಿ ಮಾಡುವುದು ಒಂದೇ: ಇಬ್ಬರು ಸೇರಿ ಹಗ್ಗವನ್ನು ಜಗ್ಗಿ ಜಗ್ಗಿ ಬಿಗಿಯುತ್ತಾರೆ. ಹಗ್ಗ ಬಿಗಿಯಾದಷ್ಟೂ ಹಾಸಿಗೆ ಮಂಚದಂತೆ ಸಮತಟ್ಟಾಗುತ್ತದೆ ಎಂಬುದು ಅವರ ತರ್ಕ. ಕೇಳಲು ಸರಿಯೆನಿಸುತ್ತದೆ. ಆದರೆ ಮಲಗಿದ ಸ್ವಲ್ಪ ಹೊತ್ತಿಗೆ ಭುಜಗಳು ಇರುಕುತ್ತವೆ, ಸೊಂಟ ನೋಯುತ್ತದೆ, ನಡುರಾತ್ರಿಯಲ್ಲಿ ಬೆನ್ನು ಕೊರೆಯುತ್ತದೆ. ಕೆಲವೊಮ್ಮೆ ಹಗ್ಗವೇ ಹರಿಯುತ್ತದೆ. ಪದವಿಪೂರ್ವ ತರಗತಿಯ ಭೌತವಿಜ್ಞಾನ ಇಲ್ಲಿ ಇದಕ್ಕೆ ನೇರ ವಿರುದ್ಧವಾದ ಸಲಹೆ ಕೊಡುತ್ತದೆ.

ಈ ಹಾಸಿಗೆ ಅಮೆರಿಕ ಖಂಡಗಳ ಮೂಲನಿವಾಸಿಗಳ ಕೊಡುಗೆ. 1492ರಲ್ಲಿ ಕೊಲಂಬಸನ ತಂಡ ಬಹಾಮಾ ದ್ವೀಪಗಳಲ್ಲಿ ಹತ್ತಿಯ ಬಲೆಗಳಂಥ ಹಾಸಿಗೆಗಳನ್ನು ಕಂಡಿತು. ಅಲ್ಲಿನ ಟೈನೋ ಜನರ 'ಹಮಾಕಾ' ಎಂಬ ಪದವೇ ಸ್ಪ್ಯಾನಿಷ್ ಭಾಷೆಯ ಮೂಲಕ ಹ್ಯಾಮಕ್ ಆಯಿತು. ಮೆಕ್ಸಿಕೋದ ಯುಕಟಾನ್‌ನಲ್ಲಿ, ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಇಂದಿಗೂ ಅಸಂಖ್ಯ ಜನ ದಿನವೂ ಇದರಲ್ಲೇ ಮಲಗುತ್ತಾರೆ. ಅವರ ಹಾಸಿಗೆಗಳನ್ನು ನೋಡಿ: ಯಾವುದೂ ಬಿಗಿಯಾಗಿರುವುದಿಲ್ಲ, ಎಲ್ಲವೂ ಧಾರಾಳವಾಗಿ ಜೋತುಬಿದ್ದಿರುತ್ತವೆ.

ಏಕೆ ಎಂಬುದಕ್ಕೆ ಒಂದು ಸರಳ ಲೆಕ್ಕ ಮಾಡೋಣ. 60 ಕಿಲೋಗ್ರಾಂ ತೂಗುವ ವ್ಯಕ್ತಿ ಹಾಸಿಗೆಯ ಮಧ್ಯದಲ್ಲಿದ್ದಾನೆ. ಆತನ ಭಾರವನ್ನು ಎರಡು ಹಗ್ಗಗಳು ಸಮವಾಗಿ ಹೊರುತ್ತವೆ. ಹಗ್ಗ ಓರೆಯಾಗಿರುವುದರಿಂದ ಅದರ ಎಳೆತಕ್ಕೆ ಎರಡು ಘಟಕಗಳು: ಒಂದು ಲಂಬ, ಇನ್ನೊಂದು ಕ್ಷಿತಿಜೀಯ. ಭಾರವನ್ನು ಎತ್ತಿ ಹಿಡಿಯುವುದು ಲಂಬ ಘಟಕ ಮಾತ್ರ. ಕ್ಷಿತಿಜೀಯ ಘಟಕ ಮರಗಳನ್ನು ಒಂದರತ್ತ ಒಂದು ಎಳೆಯುವುದರಲ್ಲೇ ವ್ಯಯವಾಗುತ್ತದೆ. ಹಗ್ಗವು ಕ್ಷಿತಿಜದೊಡನೆ ಮಾಡುವ ಕೋನವನ್ನು ತೆಗೆದುಕೊಂಡರೆ,

ಎಳೆತ = ತೂಕ ÷ (2 × ಕೋನದ ಸೈನ್)

ಅನುಕೂಲಕ್ಕಾಗಿ ಉತ್ತರಗಳನ್ನು ಕಿಲೋಗ್ರಾಂ-ಬಲದಲ್ಲೇ ಹೇಳುತ್ತೇನೆ. ನ್ಯೂಟನ್‌ನಲ್ಲಿ ಬೇಕಾದವರು 9.8ರಿಂದ ಗುಣಿಸಿಕೊಳ್ಳಿ. ಕೋನ 30 ಡಿಗ್ರಿ ಇದ್ದಾಗ ಸೈನ್ ಬೆಲೆ ಅರ್ಧ. ಆದ್ದರಿಂದ ಪ್ರತಿ ಹಗ್ಗದ ಎಳೆತ 60. ಅಂದರೆ ಸರಿಯಾಗಿ ಆತನ ತೂಕದಷ್ಟೇ. ಕೋನ 15ಕ್ಕೆ ಇಳಿದರೆ ಎಳೆತ 116. ಕೋನ 10 ಆದರೆ 173. ಬಿಗಿಯುವ ಉತ್ಸಾಹದಲ್ಲಿ ಕೋನವನ್ನು 5 ಡಿಗ್ರಿಗೆ ತಂದಿರೋ, ಪ್ರತಿ ಹಗ್ಗದ ಎಳೆತ 344 ಕಿಲೋಗ್ರಾಂ-ಬಲ! ಕೋನ ಸೊನ್ನೆಯಾದರೆ ಎಳೆತ ಅನಂತ. ಅರ್ಥಾತ್ ನಡುವೆ ಭಾರವಿರುವ ಯಾವ ಹಗ್ಗವನ್ನೂ ಪೂರ್ತಿ ನೇರವಾಗಿಸಲು ಯಾವ ಶಕ್ತಿಶಾಲಿಗೂ ಸಾಧ್ಯವಿಲ್ಲ. ವಿದ್ಯುತ್ ಕಂಬಗಳ ನಡುವಿನ ತಂತಿಯನ್ನು ಸ್ವಲ್ಪ ಜೋಲುಬಿಟ್ಟು ಕಟ್ಟುವುದೂ ಇದೇ ಕಾರಣಕ್ಕೆ. ಇದು ನಿಧಾನವಾಗಿ ಮಲಗಿದಾಗಿನ ಲೆಕ್ಕ. ಹಗ್ಗದ ಮೇಲೆ ಭಾರವನ್ನು ಒಮ್ಮೆಗೇ ಬಿಟ್ಟರೆ ಎಳೆತ ಕ್ಷಣಕಾಲ ಸುಮಾರು ಇಮ್ಮಡಿಯಾಗುತ್ತದೆ. ಧೊಪ್ಪೆಂದು ಬಿದ್ದರೆ ಇನ್ನೂ ಹೆಚ್ಚು.

ಶಿಕ್ಷಕರು ಇದನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ಎರಡು ಸ್ಪ್ರಿಂಗ್ ತಕ್ಕಡಿಗಳ ನಡುವೆ ದಾರ ಕಟ್ಟಿ, ಮಧ್ಯದಲ್ಲಿ 1 ಕಿಲೋಗ್ರಾಂ ತೂಗುಹಾಕಿ. ತಕ್ಕಡಿಗಳನ್ನು ಹಿಡಿದ ಇಬ್ಬರು ವಿದ್ಯಾರ್ಥಿಗಳು ಮೆಲ್ಲನೆ ದೂರ ಸರಿಯಲಿ. 30 ಡಿಗ್ರಿಯಲ್ಲಿ ಎರಡೂ 1 ಕಿಲೋಗ್ರಾಂ ತೋರಿಸುತ್ತವೆ, 10 ಡಿಗ್ರಿಯಲ್ಲಿ ಹತ್ತಿರ ಹತ್ತಿರ 3. 'ಒಂದು ಕಿಲೋವನ್ನು ಎರಡು ತಕ್ಕಡಿ ಹಂಚಿಕೊಂಡರೆ ಅರ್ಧರ್ಧ ಬರಬೇಕಲ್ಲವೇ?' ಎಂದು ಮೊದಲೇ ಕೇಳಿಟ್ಟರೆ ಪಾಠಕ್ಕೆ ಕಳೆ ಬರುತ್ತದೆ. ಸದಿಶಗಳನ್ನು ಕಪ್ಪುಹಲಗೆಯ ಬಾಣಗಳಿಂದ ಕಲಿಸುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ.

ಇಲ್ಲೊಂದು ಗಂಭೀರ ಮಾತಿದೆ. 30 ಡಿಗ್ರಿಯಲ್ಲಿಯೂ ಕ್ಷಿತಿಜೀಯ ಘಟಕ ಸುಮಾರು 52 ಕಿಲೋಗ್ರಾಂ-ಬಲದಷ್ಟು ಇರುತ್ತದೆ. ಹಗ್ಗ ಬಿಗಿದರೆ ಅದು ನೂರಾರಕ್ಕೆ ಏರುತ್ತದೆ. ಆರೋಗ್ಯವಂತ ದಪ್ಪ ಮರಕ್ಕೆ ಇದು ಲೆಕ್ಕಕ್ಕಿಲ್ಲ. ಇಟ್ಟಿಗೆಯ ಕಂಬಕ್ಕೆ ಹಾಗಲ್ಲ. ಇಟ್ಟಿಗೆ, ಗಾರೆಗಳು ಮೇಲಿನಿಂದ ಬರುವ ಒತ್ತಡವನ್ನು ಚೆನ್ನಾಗಿ ತಡೆಯುತ್ತವೆ, ಪಕ್ಕಕ್ಕೆ ಎಳೆದರೆ ಬಿರಿಯುತ್ತವೆ. ಕಬ್ಬಿಣದ ಸರಳಿಲ್ಲದ ಇಟ್ಟಿಗೆ ಕಂಬಕ್ಕೆ ತೂಗುಹಾಸಿಗೆ ಕಟ್ಟಿ, ಕಂಬವೇ ಮೈಮೇಲೆ ಕುಸಿದು ಜನ ಸತ್ತ ಪ್ರಸಂಗಗಳು ಆಸ್ಟ್ರೇಲಿಯದಲ್ಲಿ ನಡೆದಿವೆ. ಆದ್ದರಿಂದ ಜಗಲಿಯ ಕಂಬ, ಗೇಟಿನ ಕಂಬ, ಕಾಂಪೌಂಡ್ ಗೋಡೆಗಳ ಸಹವಾಸ ಬೇಡ. ಒಣಗಿದ ಮರವೂ ಬೇಡ. ತೆಂಗಿನ ಮರದ ಅಡಿ ಏಕೆ ಬೇಡವೆಂದು ಹೇಳಬೇಕಾಗಿಲ್ಲ.

ಮರಕ್ಕೂ ಕಷ್ಟವಾಗಬಾರದು. ತೊಗಟೆಯ ಒಳಪದರದಲ್ಲಿ ಆಹಾರ ಸಾಗಿಸುವ ಫ್ಲೋಯಂ ಅಂಗಾಂಶವಿದೆ. ತೆಳ್ಳನೆಯ ಹಗ್ಗ ಅಲ್ಲಿ ಕೊರೆಯುತ್ತದೆ. ಬಲ ಅಷ್ಟೇ ಇದ್ದರೂ 3 ಮಿಲಿಮೀಟರ್ ಹಗ್ಗದ ಬದಲು 25 ಮಿಲಿಮೀಟರ್ ಅಗಲದ ಪಟ್ಟಿ ಬಳಸಿದರೆ ತೊಗಟೆಯ ಮೇಲಿನ ಒತ್ತಡ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಪಟ್ಟಿ ಪಾಲಿಯೆಸ್ಟರ್‌ನದಾದರೆ ಒಳ್ಳೆಯದು. ನೈಲಾನ್ ತೇವ ಹೀರಿ ಹಿಗ್ಗುತ್ತದೆ. ರಾತ್ರಿ ಎತ್ತರದಲ್ಲಿ ಮಲಗಿದವರು ಬೆಳಗ್ಗೆ ನೆಲ ಮುಟ್ಟಿರುತ್ತಾರೆ.

ಇನ್ನು ನಿದ್ದೆಯ ವಿಷಯ. ಈ ಬಟ್ಟೆಯ ಎರಡೂ ತುದಿಗಳನ್ನು ನೆರಿಗೆ ಹಿಡಿದು ಕಟ್ಟಿರುತ್ತಾರೆ. ತುದಿಯಿಂದ ತುದಿಗೆ ಭಾರ ಹೊರುವುದು ಮುಖ್ಯವಾಗಿ ನಡುಗೆರೆಯ ಎಳೆಗಳು. ಆ ಗೆರೆಯ ಮೇಲೇ ಮಲಗಿದರೆ ದೇಹವೂ ಅದೇ ವಕ್ರರೇಖೆ ಹಿಡಿಯಬೇಕು: ಬೆನ್ನು ಬಾಳೆಹಣ್ಣಿನಂತೆ ಬಾಗುತ್ತದೆ, ಮಂಡಿ ಹಿಂದಕ್ಕೆ ಒತ್ತುತ್ತದೆ. ಓರೆಯಾಗಿ ಮಲಗಿ ನೋಡಿ. ತಲೆ ನಡುಗೆರೆಯ ಒಂದು ಪಕ್ಕಕ್ಕೆ, ಪಾದಗಳು ಇನ್ನೊಂದು ಪಕ್ಕಕ್ಕೆ. ಈಗ ಅವುಗಳ ಅಡಿಯಲ್ಲಿರುವುದು ಪಕ್ಕದ ಸಡಿಲ ಬಟ್ಟೆ. ಅದು ಭಾರಕ್ಕೆ ಹೊರಕ್ಕೂ ಕೆಳಕ್ಕೂ ಸರಿಯುತ್ತದೆ. ತಲೆ, ಕಾಲುಗಳು ಇಳಿದು ಸೊಂಟದ ಮಟ್ಟದ ಹತ್ತಿರ ಬರುತ್ತವೆ. ಜ್ಯಾಮಿತಿಯೂ ನೆರವಾಗುತ್ತದೆ. ಒಂದು ರಟ್ಟಿನ ಹಾಳೆಯನ್ನು ಬಾಗಿಸಿ ಅದರ ಮೇಲೆ ಬಾಗಿನ ಉದ್ದಕ್ಕೆ ಒಂದು ಗೆರೆ, ಓರೆಯಾಗಿ ಇನ್ನೊಂದು ಗೆರೆ ಎಳೆಯಿರಿ. ಓರೆಗೆರೆಯ ಬಾಗು ಕಡಿಮೆ. 30 ಡಿಗ್ರಿ ಓರೆಯಾದರೆ ಅದು ನಾಲ್ಕನೇ ಮೂರು ಪಾಲಿಗೆ ಇಳಿಯುತ್ತದೆ.

ಓರೆಯಾಗಿ ಮಲಗಲು ಸಡಿಲ ಬಟ್ಟೆ ಬೇಕು, ಸಡಿಲ ಬಟ್ಟೆ ಸಿಗುವುದು ಜೋಲುಬಿಟ್ಟಾಗ ಮಾತ್ರ. ಬಿಗಿದು ಕಟ್ಟಿದರೆ ಅಂಚುಗಳು ಗೋಡೆಗಳಂತೆ ಮೇಲೆದ್ದು ಭುಜಗಳನ್ನು ಅದುಮುತ್ತವೆ. ಸಮತಟ್ಟು ಬೇಕೆಂದು ಬಿಗಿದವರಿಗೆ ಸಮತಟ್ಟು ಸಿಗದಿರುವ ರಹಸ್ಯ ಇದೇ.

ಎಷ್ಟು ಜೋಲುಬಿಡಬೇಕು? ಅನುಭವಿಗಳು ಹಾಸಿಗೆಯ ಎರಡು ತುದಿಗಳ ನಡುವೆ ಒಂದು ತೆಳ್ಳನೆಯ ಬಲವಾದ ದಾರ ಕಟ್ಟಿರುತ್ತಾರೆ. ಅದರ ಉದ್ದ ಹಾಸಿಗೆಯ ಉದ್ದದ ಸುಮಾರು ಶೇಕಡ 83. ಹಾಸಿಗೆ 3 ಮೀಟರ್ ಇದ್ದರೆ ದಾರ ಎರಡೂವರೆ ಮೀಟರ್. ಮರಗಳ ಅಂತರ ಎಷ್ಟೇ ಇರಲಿ, ಈ ದಾರ ತುದಿಗಳನ್ನು ಅದಕ್ಕಿಂತ ದೂರ ಹೋಗಗೊಡುವುದಿಲ್ಲ. ಜೋಲು ಪ್ರತಿ ಸಲವೂ ಒಂದೇ. ಆಗ ಹಾಸಿಗೆಯ ನಡುಭಾಗ ತುದಿಗಳಿಗಿಂತ ಸುಮಾರು 80 ಸೆಂಟಿಮೀಟರ್ ಕೆಳಗಿರುತ್ತದೆ. ಮರಗಳ ಅಂತರ 4 ಮೀಟರ್ ಇದ್ದು ಪಟ್ಟಿ 30 ಡಿಗ್ರಿಯಲ್ಲಿದ್ದರೆ ಇನ್ನೂ 43 ಸೆಂಟಿಮೀಟರ್ ಇಳಿಯುತ್ತದೆ. ಹಾಸಿಗೆ ಕುರ್ಚಿಯಷ್ಟು, ಅಂದರೆ ನೆಲದಿಂದ 45 ಸೆಂಟಿಮೀಟರ್ ಮೇಲಿರಬೇಕಾದರೆ ಪಟ್ಟಿಯನ್ನು ಸುಮಾರು 1.7 ಮೀಟರ್ ಎತ್ತರದಲ್ಲಿ ಕಟ್ಟಬೇಕು. ಕುರ್ಚಿಗಿಂತ ಎತ್ತರ ಬೇಡ. 45 ಸೆಂಟಿಮೀಟರ್‌ನಿಂದ ಬಿದ್ದವನು ನೆಲ ಮುಟ್ಟುವ ವೇಗ ಸೆಕೆಂಡಿಗೆ 3 ಮೀಟರ್. ಒಂದೂವರೆ ಮೀಟರ್‌ನಿಂದ ಬಿದ್ದರೆ 5.4. ಪಾದದ ಕಡೆಯ ಪಟ್ಟಿಯನ್ನು ಒಂದು ಗೇಣು ಮೇಲೆ ಕಟ್ಟಿ. ನಮ್ಮ ದೇಹದಲ್ಲಿ ಸೊಂಟದ ಮೇಲಿನ ಭಾಗವೇ ಹೆಚ್ಚು ತೂಕ. ಎರಡೂ ಕಡೆ ಸಮವಾಗಿದ್ದರೆ ರಾತ್ರಿ ಕಾಲಿನ ಕಡೆಗೆ ಜಾರುತ್ತೀರಿ.

ತುದಿಗಳಲ್ಲಿ ಮರದ ಅಡ್ಡಪಟ್ಟಿಯಿರುವ, ಚಿತ್ರಗಳಲ್ಲಿ ಬಲು ಅಂದವಾಗಿ ಕಾಣುವ ತೂಗುಹಾಸಿಗೆಗಳೂ ಇವೆ. ಅವು ಸಮತಟ್ಟಾಗಿರುವುದೇ ಅವುಗಳ ದೋಷ. ಮಲಗಿದವನ ಗುರುತ್ವ ಕೇಂದ್ರ ಎರಡು ತುದಿಗಳನ್ನು ಸೇರಿಸುವ ರೇಖೆಯ ಸಮೀಪಕ್ಕೆ ಬರುತ್ತದೆ, ಮಗ್ಗುಲಾದಾಗ ಮೇಲೂ ಹೋಗಬಹುದು. ಹಾಸಿಗೆ ಮಗುಚಿಕೊಳ್ಳುತ್ತದೆ. ಮಧ್ಯಾಹ್ನದ ಓದಿಗೆ ಸರಿ, ರಾತ್ರಿಯ ನಿದ್ದೆಗಲ್ಲ.

ಚಳಿಯ ಪ್ರಶ್ನೆ ಉಳಿಯಿತು. ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇರುವಾಗಲೇ ಅನೇಕರಿಗೆ ಬೆನ್ನು ತಣ್ಣಗಾಗತೊಡಗುತ್ತದೆ. ಸ್ಲೀಪಿಂಗ್ ಬ್ಯಾಗ್ ಇದ್ದರೂ ಅಷ್ಟೇ. ಅದರಲ್ಲಿ ಬಿಸಿ ಕಾಯುವುದು ಬಟ್ಟೆಯಲ್ಲ, ನಾರುಗಳ ನಡುವೆ ಸಿಕ್ಕಿಬಿದ್ದ ನಿಶ್ಚಲ ಗಾಳಿ. ಮೈಭಾರಕ್ಕೆ ಬೆನ್ನಿನಡಿಯ ನಾರು ಅಪ್ಪಚ್ಚಿಯಾಗಿ ಗಾಳಿ ಹೊರಹೋಗುತ್ತದೆ. ತೆಳು ನೈಲಾನಿನ ಕೆಳಗೆ ಬೀಸುವ ಗಾಳಿ ಸಂವಹನದಿಂದ ಶಾಖವನ್ನು ಹೊತ್ತೊಯ್ಯುತ್ತದೆ. ಮೇಲೆ ಇನ್ನೆರಡು ಕಂಬಳಿ ಹೊದ್ದರೆ ಪ್ರಯೋಜನವಿಲ್ಲ. ಕಂಬಳಿಯನ್ನು ಹಾಸಿಗೆಯ ಹೊರಗಡೆ, ಕೆಳಭಾಗಕ್ಕೆ ಮೃದುವಾಗಿ ತಾಗುವಂತೆ ತೂಗುಬಿಡಿ. ಅದರ ಮೇಲೆ ನಿಮ್ಮ ಭಾರ ಬೀಳದ ಕಾರಣ ಗಾಳಿ ಅದರಲ್ಲೇ ಉಳಿಯುತ್ತದೆ. ಅದಾಗದಿದ್ದರೆ ಫೋಮ್ ಚಾಪೆ ಹಾಸಿಕೊಳ್ಳಿ. ಅದರ ಗುಳ್ಳೆಗಳು ಮುಚ್ಚಿದ ಗುಳ್ಳೆಗಳಾದ್ದರಿಂದ ಸುಲಭವಾಗಿ ಅಪ್ಪಚ್ಚಿಯಾಗುವುದಿಲ್ಲ.

ಮಳೆಗಾಲದಲ್ಲಿ ಮರದ ಮೇಲಿಳಿಯುವ ನೀರು ಪಟ್ಟಿಯ ಗುಂಟ ಹರಿದು ಹಾಸಿಗೆಗೆ ಬರುತ್ತದೆ. ಪಟ್ಟಿಗೆ ಒಂದು ಗೇಣುದ್ದದ ಹತ್ತಿ ದಾರ ಕಟ್ಟಿ ಇಳಿಬಿಟ್ಟರೆ ನೀರು ಆ ದಾರ ಹಿಡಿದು ಅಲ್ಲೇ ತೊಟ್ಟಿಕ್ಕುತ್ತದೆ.

ತೂಗಾಟ ನಿಜಕ್ಕೂ ನಿದ್ದೆ ತರಿಸುತ್ತದೆಯೆ? ಜಿನೀವಾ ವಿಶ್ವವಿದ್ಯಾನಿಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ಗಂಡಸರು ಮಧ್ಯಾಹ್ನ 45 ನಿಮಿಷ ಮಲಗಿದರು, ಒಮ್ಮೆ ಅಲುಗದ ಹಾಸಿಗೆಯಲ್ಲಿ, ಒಮ್ಮೆ ತೂಗುವ ಹಾಸಿಗೆಯಲ್ಲಿ. ತೂಗಿದಾಗ ಬೇಗ ನಿದ್ದೆ ಹತ್ತಿತು. 2019ರಲ್ಲಿ 18 ಯುವಜನರ ಮೇಲೆ ಇಡೀ ರಾತ್ರಿ ನಡೆಸಿದ ಪ್ರಯೋಗದಲ್ಲಿ ಗಾಢನಿದ್ರೆಯೂ ಹೆಚ್ಚಿತು. ಪ್ರಯೋಗಗಳು ಚಿಕ್ಕವು, ಅಲ್ಲಿ ಬಳಸಿದ್ದು ಯಂತ್ರ ತೂಗುವ ಮಂಚ ಎಂಬುದು ನೆನಪಿರಲಿ. ಆ ಮಂಚದ ಒಂದು ತೂಗಾಟಕ್ಕೆ 4 ಸೆಕೆಂಡ್. ಲೋಲಕದ ಸೂತ್ರದ ಪ್ರಕಾರ ಅಷ್ಟು ನಿಧಾನವಾಗಿ ತಾನಾಗಿಯೇ ತೂಗಲು ಸುಮಾರು 4 ಮೀಟರ್ ಉದ್ದ ಬೇಕು. ನಮ್ಮ ತೂಗುಹಾಸಿಗೆ ಪಟ್ಟಿ ಕಟ್ಟಿದ ಬಿಂದುಗಳಿಗಿಂತ ಸುಮಾರು 1.2 ಮೀಟರ್ ಕೆಳಗಿದೆ. ಅದರ ಆವರ್ತ ಕಾಲ 2.2 ಸೆಕೆಂಡ್. ಮಲಗಿದವರು 40 ಕಿಲೋ ಇರಲಿ, 80 ಇರಲಿ, ಅದು ಬದಲಾಗದು. ಹಳೆಯ ಮನೆಗಳಲ್ಲಿ ತೊಲೆಯಿಂದ ಇಳಿಬಿಡುತ್ತಿದ್ದ ಕೂಸಿನ ಸೀರೆ ಜೋಲಿಯ ಉದ್ದ ಎರಡು, ಎರಡೂಕಾಲು ಮೀಟರ್ ಇದ್ದಿರಬೇಕು. ಅದರ ಆವರ್ತ ಕಾಲವನ್ನು ನೀವೇ ಲೆಕ್ಕ ಹಾಕಿ. 3 ಸೆಕೆಂಡಿನ ಹತ್ತಿರ ಬರುತ್ತದೆ.