ಪುರೋಹಿತನಿಲ್ಲದ ವಿವಾಹ: ಕುವೆಂಪು ವಿಮರ್ಶೆಯೂ ನಮ್ಮ ಸಂಸ್ಕಾರವೂ

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಗೊಂಡ ವಿಶ್ವವಿದ್ಯಾಲಯವು ಕುವೆಂಪು ಅವರ ಹೆಸರನ್ನು ಹೊತ್ತಿದೆ. ಶಿವಮೊಗ್ಗ ಹಾಗೂ ಭದ್ರಾವತಿಯ ನಮ್ಮ ಧರ್ಮಕೇಂದ್ರಗಳ ಯುವಜನರೂ ಅಲ್ಲಿ ಓದುತ್ತಾರೆ. ಸಮಾಜದಲ್ಲಿ ಧರ್ಮದ ಪಾತ್ರವೇನು ಎಂಬ ಪ್ರಶ್ನೆಯು ಈ ಜಿಲ್ಲೆಯಲ್ಲಿ ಕೇಳಿಬರುವುದು ಬಹುಮಟ್ಟಿಗೆ ಕುವೆಂಪು ಅದಕ್ಕೆ ಕೊಟ್ಟ ರೂಪದಲ್ಲಿಯೇ.

ಕುವೆಂಪು ನಾಸ್ತಿಕರಲ್ಲ. ರಾಮಕೃಷ್ಣ–ವಿವೇಕಾನಂದರ ಪ್ರಭಾವದಲ್ಲಿ ಬೆಳೆದ ಅವರು ಅಧ್ಯಾತ್ಮವನ್ನು ಉಳಿಸಿಕೊಂಡು ಮತವನ್ನು ನಿರಾಕರಿಸಿದರು. ಜಾತಿ, ಮೌಢ್ಯ, ಪುರೋಹಿತಶಾಹಿ ಇವು ಮನುಷ್ಯನನ್ನು ಕುಬ್ಜಗೊಳಿಸುತ್ತವೆ. ಸಾರ್ವಜನಿಕ ಬದುಕು ವಿಚಾರದ ಬೆಳಕಿನಲ್ಲಿ ಸಾಗಬೇಕು ಎಂಬುದು 1974ರ ‘ವಿಚಾರಕ್ರಾಂತಿಗೆ ಆಹ್ವಾನ’ ಭಾಷಣದ ತಿರುಳು. ಈ ನಿಲುವನ್ನು ಅವರು ಮಾತಿಗಷ್ಟೇ ಬಿಡಲಿಲ್ಲ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ‘ಮಂತ್ರಮಾಂಗಲ್ಯ’ದ ಕ್ರಮದಲ್ಲಿ ನೆರವೇರಿಸಿದರು. ಮುಹೂರ್ತ, ವರದಕ್ಷಿಣೆ, ಪುರೋಹಿತ, ಆಡಂಬರ ಇವೆಲ್ಲವನ್ನು ಆ ಕ್ರಮವು ಕೈಬಿಡುತ್ತದೆ. ಆದರೆ ಪ್ರತಿಜ್ಞೆಯನ್ನೂ ಸಾಕ್ಷಿಯಾಗಿ ನೆರೆದವರನ್ನೂ ಉಳಿಸಿಕೊಳ್ಳುತ್ತದೆ. ಮತವನ್ನು ತೊರೆದವರಿಗೂ ಪವಿತ್ರವಾದ ಮಾತು ಬೇಕಾಯಿತು ಎಂಬುದನ್ನು ನಾವು ಗಮನಿಸಬೇಕು.

ಇಲ್ಲಿ ನಮ್ಮ ದೈವಶಾಸ್ತ್ರಕ್ಕೂ ಹೇಳಲಿಕ್ಕಿದೆ. ಲತೀನ್ ಪರಂಪರೆಯ ಪ್ರಕಾರ ವಿವಾಹ ಸಂಸ್ಕಾರವನ್ನು ಪರಸ್ಪರ ನೀಡುವವರು ವಧೂವರರೇ. ಯಾಜಕನು ಅವರ ಸಮ್ಮತಿಯನ್ನು ಧರ್ಮಸಭೆಯ ಹೆಸರಿನಲ್ಲಿ ಸ್ವೀಕರಿಸುವ ಸಾಕ್ಷಿ. ಹಾಗಾದರೆ ಯಾಜಕನು ಅಲ್ಲಿ ಏಕೆ ಬೇಕು? 1563ರಲ್ಲಿ ತ್ರೆಂತ್ ಮಹಾಸಭೆಯು ಯಾಜಕನ ಹಾಗೂ ಸಾಕ್ಷಿಗಳ ಉಪಸ್ಥಿತಿಯನ್ನು ಕಡ್ಡಾಯಗೊಳಿಸಿದ್ದಕ್ಕೆ ಸ್ಪಷ್ಟ ಕಾರಣವಿತ್ತು: ಗುಟ್ಟಾಗಿ ಮದುವೆಯಾದವರು ಮೊದಲ ಪತ್ನಿಯನ್ನು ತೊರೆದು ಬೇರೊಬ್ಬಳನ್ನು ಬಹಿರಂಗವಾಗಿ ವರಿಸುತ್ತಿದ್ದರು. ಕೈಬಿಡಲ್ಪಟ್ಟವಳಿಗೆ ಪುರಾವೆಯಿರಲಿಲ್ಲ. ಎಂದರೆ, ಮತಸಂಸ್ಥೆಯ ಆ ನಿಯಮವು ಅಬಲರ ರಕ್ಷಣೆಗಾಗಿ ಹುಟ್ಟಿತು. ಸಬ್ಬತ್ ದಿನವಿರುವುದು ಮನುಷ್ಯನಿಗಾಗಿ ಎಂದ ಪ್ರಭುವಿನ ಬೋಧನೆಗೆ (ಮಾರ್ಕ 2:27) ಇದು ಅನುಗುಣವಾದುದು.

ಇದರಿಂದ ಎರಡು ವಿಷಯಗಳು ಹೊರಡುತ್ತವೆ. ಸಂಸ್ಥೆಯನ್ನು ತೆಗೆದುಹಾಕಿದರೆ ಮನುಷ್ಯ ತಾನಾಗಿ ಬಿಡುಗಡೆ ಹೊಂದುವನು ಎಂಬ ನಿರೀಕ್ಷೆ ಪೂರ್ಣ ಸತ್ಯವಲ್ಲ. ದುರ್ಬಲರಿಗೆ ಸಾಕ್ಷಿ ನಿಲ್ಲುವ ಸಮುದಾಯ ಬೇಕೇ ಬೇಕು. ಅಂತೆಯೇ, ಸಾಕ್ಷಿಯಾಗಬೇಕಾದ ಯಾಜಕನು ವರದಕ್ಷಿಣೆಯ ಲೆಕ್ಕಾಚಾರವನ್ನು ಅರಿತೂ ಮೌನವಾಗಿ ಆಶೀರ್ವದಿಸಿದರೆ, ಕುವೆಂಪು ಅವರ ವಿಮರ್ಶೆಗೆ ನಮ್ಮಲ್ಲಿ ಉತ್ತರವಿರುವುದಿಲ್ಲ. ನಾಸ್ತಿಕತೆಯ ಹುಟ್ಟಿನಲ್ಲಿ ವಿಶ್ವಾಸಿಗಳ ಲೋಪಕ್ಕೂ ಪಾಲಿದೆಯೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಒಪ್ಪಿಕೊಂಡಿದೆ.

ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಭದ್ರಾವತಿಯಂಥ ಊರಿನಲ್ಲಿ ನಾನಾ ಮತಗಳ ನೆರೆಹೊರೆಯವರು ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುತ್ತಾರೆ. ನಮ್ಮ ಧರ್ಮವು ಸಮಾಜಕ್ಕೆ ಏನು ಕೊಡುತ್ತದೆ ಎಂಬುದನ್ನು ಅವರು ತಿಳಿಯುವುದು ನಮ್ಮ ಪ್ರವಚನಗಳಿಂದಲ್ಲ, ಅಂತಹ ದಿನಗಳಲ್ಲಿ ಕಣ್ಣಾರೆ ಕಂಡದ್ದರಿಂದ. ಆದುದರಿಂದ ವಿವಾಹಪೂರ್ವ ಸಿದ್ಧತೆಯಲ್ಲಿ ವಧೂವರರ ಸಮ್ಮತಿಯ ಜೊತೆಗೆ, ಹೆಣ್ಣಿನ ಮನೆಯವರು ಸಾಲ ಮಾಡಿದ್ದಾರೆಯೇ ಎಂಬುದನ್ನೂ ಯಾಜಕರು ಕೇಳಬೇಕು. ವಿಚಾರವಾದಿಗೆ ನಾವು ಕೊಡಬೇಕಾದ ಉತ್ತರ ಅಲ್ಲಿಂದ ಆರಂಭವಾಗುತ್ತದೆ.