ಮೈಸೂರಿಗಿಂತ ಮೊದಲು ತಾಲ್ಲೂಕು ಆಸ್ಪತ್ರೆ

2025ರ ಜನವರಿಯಲ್ಲಿ ಚಾಮರಾಜನಗರದ ಶಾಲೆಯೊಂದರಲ್ಲಿ ಮೂರನೇ ತರಗತಿಯ ಹುಡುಗಿ ಕುಸಿದು ಬಿದ್ದು ತೀರಿಕೊಂಡಳು. ಜೂನ್, ಜುಲೈ ಹೊತ್ತಿಗೆ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿದರು. ಆ ಭಯ ಸಹಜ. ಆದರೆ ಮಕ್ಕಳ ಹೃದಯ ನಿಲ್ಲುವುದಕ್ಕೂ ನಲವತ್ತೈದರ ರೈತನ ಹೃದಯ ಕೈಕೊಡುವುದಕ್ಕೂ ಸಾಮಾನ್ಯವಾಗಿ ಕಾರಣ ಬೇರೆ. ಮಕ್ಕಳಲ್ಲಿ ಹುಟ್ಟಿನಿಂದ ಬಂದ ದೋಷ, ಹೃದಯ ಸ್ನಾಯುವಿನ ಕಾಯಿಲೆ, ಬಡಿತದ ಲಯ ತಪ್ಪುವುದು ಇವೇ ಹೆಚ್ಚು. ದೊಡ್ಡವರಲ್ಲಿ ರಕ್ತನಾಳದ ಗೋಡೆಯೊಳಗೆ ವರ್ಷಗಟ್ಟಲೆ ಕೂತ ಕೊಬ್ಬು ಒಂದು ದಿನ ಬಿರಿಯುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಇದನ್ನು ಬಹುಮಟ್ಟಿಗೆ ತಡೆಯಬಹುದು.

ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ವೈದ್ಯಕೀಯ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರ ತಂಡ 52 ದೇಶಗಳ ಸುಮಾರು 30,000 ಜನರನ್ನು ಪರೀಕ್ಷಿಸಿ 2004ರಲ್ಲಿ ಇಂಟರ್‌ಹಾರ್ಟ್ ಅಧ್ಯಯನ ಪ್ರಕಟಿಸಿತು. ತಂಬಾಕು, ರಕ್ತದ ಕೊಬ್ಬು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸನ್ನು ಹಿಂಡುವ ಚಿಂತೆ, ಹಣ್ಣು-ತರಕಾರಿಯ ಕೊರತೆ, ಮದ್ಯ, ಮೈಬಗ್ಗಿಸದ ಬದುಕು: ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ. 90ರಷ್ಟು ಈ ಒಂಬತ್ತರ ಲೆಕ್ಕಕ್ಕೆ ಸೇರುತ್ತದೆ. ದಕ್ಷಿಣ ಏಷ್ಯಾದವರಿಗೆ ಉಳಿದವರಿಗಿಂತ ಸುಮಾರು ಆರು ವರ್ಷ ಮೊದಲೇ, 53ರ ಆಸುಪಾಸಿನಲ್ಲಿ, ಮೊದಲ ಆಘಾತವಾಗುತ್ತದೆ ಎಂಬುದೂ ಅದರಿಂದಲೇ ತಿಳಿದದ್ದು.

ನಮ್ಮ ಕಡೆ ನನಗೆ ಹೆಚ್ಚು ಚಿಂತೆ ತಂಬಾಕಿನದು. ಬೀಡಿ ಬಿಟ್ಟೆನೆಂದು ಸಮಾಧಾನಪಟ್ಟುಕೊಂಡು ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವವರು ಎಷ್ಟೋ ಮಂದಿ. ಜಗಿಯುವ ತಂಬಾಕೂ ಹೃದಯಾಘಾತದ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆಂದು ಅದೇ ಅಧ್ಯಯನ ತೋರಿಸಿದೆ. ಊಟದಲ್ಲಿ ರಾಗಿಮುದ್ದೆ, ಉಪ್ಸಾರು ಒಳ್ಳೆಯವೇ. ಸೊಪ್ಪೂ ಕಾಳೂ ಅಲ್ಲೇ ಇವೆ. ಕೈ ಬಿಗಿ ಹಿಡಿಯಬೇಕಾದದ್ದು ಉಪ್ಪಿನಲ್ಲಿ. ಉಪ್ಪಿನಕಾಯಿ, ಹಪ್ಪಳ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಉಪ್ಪು ಏರಿಸುವ ಬಿಪಿ 140/90 ಮೀರಿದರೂ ತಲೆಸುತ್ತು, ನೋವು ಏನೂ ಕಾಣದಿರಬಹುದು. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ.

ಇಷ್ಟಾದರೂ ಎದೆ ಹಿಂಡಿದರೆ? ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ಕುಡಿದು ಮಲಗುವುದೇ ದೊಡ್ಡ ಅಪಾಯ. ಎಡಗೈಗೆ, ದವಡೆಗೆ ಹಬ್ಬುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು ಕಂಡರೆ ತಡಮಾಡಬಾರದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಂತಿ ಇರಬಹುದು. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರಿಗೆ ಸುಮಾರು 60 ಕಿ.ಮೀ. ರಕ್ತ ಸಿಗದ ಹೃದಯ ಸ್ನಾಯು ಅರ್ಧ ಗಂಟೆಯೊಳಗೇ ಸಾಯತೊಡಗುತ್ತದೆ. ಹಾಗಾಗಿ ಮೊದಲು 108ಕ್ಕೆ ಫೋನ್ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು ವೈರು ಅಂಟಿಸಿ ಕೆಲವೇ ನಿಮಿಷದಲ್ಲಿ ಇಸಿಜಿ ತೆಗೆಯುತ್ತಾರೆ. 46ನೇ ವಯಸ್ಸಿಗೆ ನಮ್ಮನ್ನಗಲಿದ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಬೇಕಾದವರಿಗೆ ಉಚಿತವಾಗಿ ಸಿಗುತ್ತದೆ. ಇದು ಮೊದಲ ಗಂಟೆಯಲ್ಲಿ ಸಿಕ್ಕರೆ ಹೆಚ್ಚು ಫಲ. ಆಮೇಲೆ ಆಂಜಿಯೋಗ್ರಾಮ್‌ಗಾಗಿ ಮೈಸೂರಿಗೆ ಹೊರಡಬಹುದು; ಅದನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಮಾಡುತ್ತಾರೆ.